ಸನ್ನಡತೆಯ ಹೊಣೆ ಯಾರದು? ಒಂದು ಪದ, ಒಂದು ಕಾಯಿದೆ, ಧಾರಾಪುರಂನ ಒಂದು ನಿದರ್ಶನ



‘ಸನ್ನಡತೆಯ ಆಧಾರದ ಮೇಲೆ ಬಿಡುಗಡೆ’ ಎಂಬ ಮಾತನ್ನು ನೀವು ದಿನಪತ್ರಿಕೆಗಳಲ್ಲಿ ಹಲವು ಸಲ ಓದಿರುತ್ತೀರಿ. ಸ್ವಾತಂತ್ರ್ಯ ದಿನವೋ ಗಣರಾಜ್ಯ ದಿನವೋ ಹತ್ತಿರವಾದಾಗ, ವರ್ಷಗಟ್ಟಲೆ ಸೆರೆಮನೆಯಲ್ಲಿದ್ದ ಕೈದಿಗಳನ್ನು ಸರಕಾರ ಅವಧಿಗೆ ಮುನ್ನ ಬಿಡುಗಡೆ ಮಾಡಿತು ಎಂಬ ಸುದ್ದಿಗೆ ಈ ಮಾತು ತಲೆಬರಹವಾಗುತ್ತದೆ. ಆದರೆ ಇದೇ ಮಾತನ್ನು ಕಾನೂನಿನ ಕನ್ನಡ ಇನ್ನೊಂದು ಪ್ರಸಂಗಕ್ಕೂ ಬಳಸುತ್ತದೆ. ತಪ್ಪು ರುಜುವಾತಾದ ಮೇಲೂ ಅಪರಾಧಿಯನ್ನು ಸೆರೆಮನೆಗೆ ಕಳುಹಿಸದೆ, ಇಂತಿಷ್ಟು ಕಾಲ ಸರಿಯಾಗಿ ನಡೆದುಕೊಳ್ಳುವೆನೆಂದು ಮುಚ್ಚಳಿಕೆ ಬರೆಯಿಸಿಕೊಂಡು ನ್ಯಾಯಾಲಯ ಮನೆಗೆ ಕಳುಹಿಸುವುದೂ ‘ಸನ್ನಡತೆಯ ಮೇಲಿನ ಬಿಡುಗಡೆ’ಯೇ.

ಎರಡೂ ಕಡೆ ಪದ ಒಂದೇ. ಅರ್ಥ ಮಾತ್ರ ಬೇರೆ. ಮೊದಲನೆಯದು ಆಗಿಹೋದ ನಡತೆಗೆ ಕೊಟ್ಟ ಪ್ರತಿಫಲ; ಎರಡನೆಯದು ಬರಲಿರುವ ನಡತೆಯ ಮೇಲಿಟ್ಟ ನಂಬಿಕೆ. ಮೊದಲನೆಯದನ್ನು ಕೊಡುವುದು ಕಾರ್ಯಾಂಗ, ಎರಡನೆಯದನ್ನು ಕೊಡುವುದು ನ್ಯಾಯಾಂಗ. ಮೊದಲನೆಯದರಲ್ಲಿ ಮನುಷ್ಯ ಸೆರೆಮನೆಯಿಂದ ಹೊರಗೆ ಬರುತ್ತಾನೆ. ಎರಡನೆಯದರಲ್ಲಿ ಅವನು ಒಳಗೆ ಹೋಗಿಯೇ ಇರುವುದಿಲ್ಲ. ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಪ್ರೊಬೇಷನ್ ಎಂದು ಹೆಸರು. ಕನ್ನಡದಲ್ಲಿ ‘ಪರಿವೀಕ್ಷಣೆ’ ಎನ್ನುತ್ತೇವೆ. ಪರಿವೀಕ್ಷಣೆಗೆ ಒಳಪಟ್ಟ ವಯಸ್ಕ ಅಪರಾಧಿಯ ಮೇಲ್ವಿಚಾರಣೆ ಸರಕಾರದ ಯಾವ ಅಂಗದ ಕೈಯಲ್ಲಿರಬೇಕು ಎಂಬುದು ಈ ಪಾಠದ ಪ್ರಶ್ನೆ. ಇದು ಕಾನೂನು ವಿದ್ಯಾರ್ಥಿಗಳ ಪ್ರಶ್ನೆಯಲ್ಲವೇ ಎಂದು ನೀವು ಕೇಳಬಹುದು. ಪದಗಳ ಗೊಂದಲದಿಂದ ಮನುಷ್ಯರ ಬಾಳಿಗೆ ಏನಾಗುತ್ತದೆ ಎಂಬುದನ್ನು ಅರಿಯುವುದು ಭಾಷೆಯ ವಿದ್ಯಾರ್ಥಿಗಳ ಕೆಲಸವೂ ಹೌದು.

ಪದದ ಕಡೆಯಿಂದ

ಮೊದಲು ವ್ಯಾಕರಣ. ‘ಸನ್ನಡತೆ’ ಎಂಬುದು ಸತ್ + ನಡತೆ. ‘ಸತ್’ ಸಂಸ್ಕೃತ, ‘ನಡತೆ’ ಕನ್ನಡ. ಆದ್ದರಿಂದ ಇದು ಅರಿಸಮಾಸ. ‘ಸನ್ಮಾನ’ದಲ್ಲಿ ನಡೆಯುವ ಅನುನಾಸಿಕ ಸಂಧಿಯೇ ಇಲ್ಲಿ ಕನ್ನಡ ಪದಕ್ಕೂ ಅಂಟಿಕೊಂಡಿದೆ. ವೈಯಾಕರಣರು ಅರಿಸಮಾಸವನ್ನು ದೋಷವೆಂದರೂ ಲೋಕರೂಢಿ ಇದನ್ನು ಒಪ್ಪಿಕೊಂಡಿದೆ. ‘ಪರಿವೀಕ್ಷಣೆ’ ಎಂಬುದು ಪರಿ + ವಿ + ಈಕ್ಷಣೆ. ಸುತ್ತಲೂ ಕಣ್ಣಿಟ್ಟು ನೋಡುವುದು. ಇದಕ್ಕೆ ತೀರ ಹತ್ತಿರದ ನೆಂಟ ನಮ್ಮ ‘ಪರೀಕ್ಷೆ’. ಇಂಗ್ಲಿಷ್ ಪದದ ಮೂಲವಾದ ಲ್ಯಾಟಿನ್ ಧಾತುವಿಗೂ ಪರೀಕ್ಷಿಸು, ಒರೆಗೆ ಹಚ್ಚು ಎಂದೇ ಅರ್ಥ. ಹೊಸದಾಗಿ ನೌಕರಿಗೆ ಸೇರಿದವನ ಮೊದಲ ಒಂದೆರಡು ವರ್ಷಗಳಿಗೂ ನಾವು ಇದೇ ಪದವನ್ನು ಬಳಸುತ್ತೇವಷ್ಟೆ.

ಗಡಿಭಾಗದ ಶಾಲೆಯಲ್ಲಿ ಮರಾಠಿಯನ್ನೂ ಕನ್ನಡವನ್ನೂ ಜೊತೆಜೊತೆಯಾಗಿ ಕಲಿತವನಾದ್ದರಿಂದ, ಒಂದೇ ಸಂಗತಿಗೆ ನೆರೆಭಾಷೆಗಳು ಏನೆನ್ನುತ್ತವೆ ಎಂದು ಹೋಲಿಸಿ ನೋಡುವುದು ನನಗೆ ರೂಢಿ. ಮರಾಠಿಯಲ್ಲಿ ಈ ಅಧಿಕಾರಿ ‘ಪರಿವೀಕ್ಷಾ ಅಧಿಕಾರಿ’. ಮರಾಠಿಯೂ ಕನ್ನಡವೂ ನೋಡುವ ಕಣ್ಣನ್ನು ಹೆಸರಿಸಿದವು. ತಮಿಳಿನಲ್ಲಿ ಅವನು ‘ನನ್ನಡತ್ತೈ ಅಲುವಲರ್’. ‘ನಲ್’ ಎಂದರೆ ಒಳ್ಳೆಯ; ‘ನಡತ್ತೈ’ ಎಂಬುದು ನಮ್ಮ ನಡತೆಯೇ. ಮಲಯಾಳದಲ್ಲಿ ಈ ವ್ಯವಸ್ಥೆಗೆ ‘ನಲ್ಲನಡಪ್ಪು’ ಎನ್ನುತ್ತಾರೆ. ತಮಿಳು, ಮಲಯಾಳಗಳು ನೋಡುವವನನ್ನು ಬಿಟ್ಟು ನಡೆಯುವವನನ್ನು ಹೆಸರಿಸಿದವು. ಕಾಯಿದೆಯಲ್ಲಿಯೂ ಈ ಎರಡೂ ಮುಖಗಳಿವೆ. ಕಣ್ಣಿಡಬೇಕು, ಕೈಹಿಡಿದು ನಡೆಸಲೂಬೇಕು. ಎರಡನ್ನೂ ಒಬ್ಬನೇ ಅಧಿಕಾರಿ ಮಾಡಬೇಕಾದಾಗ ಅವನು ಯಾರ ಅಧೀನದಲ್ಲಿದ್ದಾನೆ ಎಂಬುದು ಮುಖ್ಯವಾಗುತ್ತದೆ.

‘ಮುಚ್ಚಳಿಕೆ’ಯನ್ನೂ ಇಲ್ಲಿ ಗಮನಿಸಿ. ಮರಾಠಿಯ ‘ಮುಚಲಕಾ’, ಕನ್ನಡದ ‘ಮುಚ್ಚಳಿಕೆ’ ಎರಡೂ ಹಳೆಯ ಆಡಳಿತದ ಶಬ್ದಕೋಶದಿಂದ ಬಂದವು. ಬರೆದುಕೊಟ್ಟವನು ಮಾತಿಗೆ ಕಟ್ಟುಬಿದ್ದಿದ್ದಾನೆ ಎಂಬ ಭಾವ ಆ ಪದದಲ್ಲಿ ಇಂದಿಗೂ ಜೀವಂತವಾಗಿದೆ. ಹಳ್ಳಿಯ ಮುದುಕಿಗೂ ಇದರ ಅರ್ಥ ಗೊತ್ತು. ‘ಬಂಧಪತ್ರ’ ಎಂದರೆ ಗೊತ್ತಾಗದು. ಆಡಳಿತ ಕನ್ನಡ ಬರೆಯುವವರು ನೆನಪಿಡಬೇಕಾದ ಮಾತಿದು.

ಕಾಯಿದೆ ಹೇಳುವುದೇನು?

ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಅದಕ್ಕೂ ಮುಂಚೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೆಯ ಕಲಮು ಮೊದಲ ಸಲದ ತಪ್ಪುಗಾರರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಅದೇ ವಿಚಾರ 1973ರ ಸಂಹಿತೆಯಲ್ಲಿ 360ನೆಯ ಕಲಮಾಗಿ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 401ನೆಯ ಕಲಮಾಗಿದೆ.

1958ರ ಕಾಯಿದೆಯ ಸಾರ ಹೀಗಿದೆ. 3ನೆಯ ಕಲಮಿನಂತೆ ಸಣ್ಣ ಕಳವು, ವಂಚನೆಯಂಥ ತಪ್ಪಿಗೆ, ಹಿಂದೆ ಶಿಕ್ಷೆಯಾಗಿರದವನನ್ನು ಬುದ್ಧಿವಾದ ಹೇಳಿ ಬಿಡಬಹುದು. 4ನೆಯ ಕಲಮಿನಂತೆ, ಮರಣದಂಡನೆಗೋ ಜೀವಾವಧಿ ಸೆರೆಗೋ ಗುರಿಯಾಗದ ಅಪರಾಧವಾದರೆ, ಗರಿಷ್ಠ ಮೂರು ವರ್ಷದ ಮುಚ್ಚಳಿಕೆಯ ಮೇಲೆ ಬಿಡಬಹುದು. ಅಗತ್ಯವೆನಿಸಿದರೆ ಕನಿಷ್ಠ ಒಂದು ವರ್ಷ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿರಬೇಕೆಂದು ಆಜ್ಞೆ ಮಾಡಬಹುದು. ಇಪ್ಪತ್ತೊಂದು ವರ್ಷದೊಳಗಿನವರ ವಿಷಯದಲ್ಲಿ 6ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ಅಧಿಕಾರಿಯ ವರದಿ ತರಿಸಿಕೊಳ್ಳದೆ, ಕಾರಣ ಬರೆಯದೆ, ಅವರನ್ನು ಸೆರೆಮನೆಗೆ ಕಳುಹಿಸುವಂತಿಲ್ಲ.

ಮುಂದಿನ ಕಲಮುಗಳಲ್ಲಿಯೂ ಹೆಜ್ಜೆಹೆಜ್ಜೆಗೆ ಕಾಣುವುದು ನ್ಯಾಯಾಲಯವೇ. ಅಧಿಕಾರಿಯ ವರದಿ ಗೋಪ್ಯವಾದುದು. ಆದರೆ ಅದರ ಸಾರವನ್ನು ಅಪರಾಧಿಗೆ ತಿಳಿಸಿ ಅವನ ಉತ್ತರ ಕೇಳುವ ಅಧಿಕಾರ ನ್ಯಾಯಾಲಯಕ್ಕಿದೆ. ಷರತ್ತು ಬದಲಿಸುವುದೂ ನ್ಯಾಯಾಲಯ. ಷರತ್ತು ಮುರಿದರೆ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸುವುದೂ, ಮೊದಲ ತಪ್ಪಾದರೆ ಐವತ್ತು ರೂಪಾಯಿಯೊಳಗಿನ ದಂಡ ಹಾಕಿ ಮತ್ತೊಂದು ಅವಕಾಶ ಕೊಡುವುದೂ ನ್ಯಾಯಾಲಯ. ಒಬ್ಬ ಅಧಿಕಾರಿಯ ಬದಲು ಇನ್ನೊಬ್ಬರನ್ನು ನೇಮಿಸುವ ಅಧಿಕಾರವೂ ಅದರದೇ.

ಹೀಗಿರುವಾಗ 13ನೆಯ ಕಲಮಿನ 3ನೆಯ ಉಪಕಲಮು ಒಮ್ಮೆಲೆ ದಾರಿ ತಿರುಗಿಸುತ್ತದೆ. ಪರಿವೀಕ್ಷಣಾಧಿಕಾರಿಯು ತನ್ನ ಕರ್ತವ್ಯ ನಿರ್ವಹಣೆಯಲ್ಲಿ, ಅಪರಾಧಿಯು ಆ ಹೊತ್ತಿಗೆ ವಾಸವಾಗಿರುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ನಿಯಂತ್ರಣಕ್ಕೆ ಒಳಪಟ್ಟಿರುತ್ತಾನೆ ಎಂಬುದು ಅದರ ತಾತ್ಪರ್ಯ. 1958ರಲ್ಲಿ ‘ಜಿಲ್ಲಾ ಮ್ಯಾಜಿಸ್ಟ್ರೇಟ್’ ಎಂಬ ಪದದಲ್ಲಿ ಹಲವು ಪ್ರಾಂತಗಳಲ್ಲಿ ಆಡಳಿತವೂ ನ್ಯಾಯವೂ ಬೆರೆತುಕೊಂಡಿದ್ದವು. 1973ರ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ನ್ಯಾಯದ ಭಾಗ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಜಿಲ್ಲಾ ಮ್ಯಾಜಿಸ್ಟ್ರೇಟ್ ಎಂದರೆ ಆಡಳಿತಾಧಿಕಾರಿ, ಅಂದರೆ ಜಿಲ್ಲಾಧಿಕಾರಿ ಎಂದಾಯಿತು. ಕಾಯಿದೆಯ ಅಕ್ಷರ ಕದಲಲಿಲ್ಲ, ಅದರ ಅರ್ಥ ಮಾತ್ರ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಸರಿದುಹೋಯಿತು. ಅರ್ಥಸಂಕೋಚವೆಂದು ಭಾಷಾವಿಜ್ಞಾನದಲ್ಲಿ ನಾವು ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಧಾರಾಪುರಂ ಏಕೆ?

ಈ ಪ್ರಶ್ನೆಯನ್ನು ಒಂದು ಊರಿನಲ್ಲಿ ನಿಲ್ಲಿಸಿ ನೋಡೋಣ. ಧಾರಾಪುರಂ ತಮಿಳುನಾಡಿನ ಕೊಂಗುನಾಡಿನಲ್ಲಿ, ಅಮರಾವತಿ ನದಿಯ ದಡದಲ್ಲಿರುವ ಪಟ್ಟಣ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರು ದೊರೆಗಳ ಕೈಯಲ್ಲಿತ್ತು. ನಂತರ ಮದ್ರಾಸ್ ಪ್ರಾಂತಕ್ಕೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿ ನಮ್ಮ ಕೊಳ್ಳೇಗಾಲವೂ ಒಂದು ತಾಲೂಕಾಗಿತ್ತು. ಅದು ಮೈಸೂರಿಗೆ ಬಂದದ್ದು 1956ರಲ್ಲಿ. ಕೊಯಮತ್ತೂರು, ತಿರುಪ್ಪೂರು ಭಾಗದಲ್ಲಿ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರೂ ಒಕ್ಕಲಿಗ ಕುಟುಂಬಗಳೂ ತಲೆಮಾರುಗಳಿಂದ ನೆಲೆಸಿದ್ದಾರೆ. ಅವರಿಗೆ ಶಾಲೆಯ ಭಾಷೆ ತಮಿಳು, ಸಂತೆಯ ಭಾಷೆ ತಮಿಳು, ನ್ಯಾಯಾಲಯದ ಭಾಷೆಯೂ ತಮಿಳು. ತಾಯಿ ಮಗನನ್ನು ಬೈಯುವ ಭಾಷೆ ಮಾತ್ರ ಕನ್ನಡ.

ಈ ಊರಿನ ಜಿಲ್ಲೆ ಯಾವುದು ಎಂಬ ಸರಳ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 1979ರವರೆಗೆ ಧಾರಾಪುರಂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷ ಪೆರಿಯಾರ್ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿತು; ಆ ಜಿಲ್ಲೆಗೆ ಮುಂದೆ ಈರೋಡ್ ಎಂದು ಹೆಸರಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಅಲ್ಲಿಗೆ ಬಂತು. ಧಾರಾಪುರಂನ ಒಂದೇ ಬೀದಿಯ ಒಂದೇ ಮನೆ ಮೂರು ಜಿಲ್ಲಾಧಿಕಾರಿಗಳ ಅಧೀನವನ್ನು ಕಂಡಿದೆ. ‘ಅಪರಾಧಿ ವಾಸವಾಗಿರುವ ಜಿಲ್ಲೆಯ’ ಎಂಬ ಕಾಯಿದೆಯ ಮಾತು ಭೂಪಟದ ಗೆರೆಯೊಂದಿಗೆ ಅಲುಗಾಡುತ್ತದೆ. ಮುಚ್ಚಳಿಕೆ ಬರೆಯಿಸಿಕೊಂಡ ನ್ಯಾಯಾಲಯಕ್ಕೂ ಆ ಮನುಷ್ಯನಿಗೂ ಇರುವ ನಂಟು ಗೆರೆ ಸರಿದರೂ ಕಡಿಯುವುದಿಲ್ಲ.

ಇನ್ನೊಂದು ಸಂಗತಿ. ಈ ವಿಷಯದಲ್ಲಿ ಮೊದಲು ಕಾಯಿದೆ ಮಾಡಿದ ಪ್ರಾಂತಗಳಲ್ಲಿ ಮದ್ರಾಸ್ ಒಂದು. ಅದರ ಪರಿವೀಕ್ಷಣಾ ಕಾಯಿದೆ 1936ರದು. ಆಗ ಧಾರಾಪುರಂ, ಕೊಳ್ಳೇಗಾಲ, ಕಾಸರಗೋಡು ಮೂರೂ ಮದ್ರಾಸ್ ಪ್ರಾಂತದಲ್ಲಿದ್ದವು. 1956ರ ಪುನರ್ವಿಂಗಡಣೆ ಮೂರನ್ನೂ ಮೂರು ರಾಜ್ಯಗಳಲ್ಲಿ ಇಟ್ಟಿತು. ಇಂದು ಧಾರಾಪುರಂನ ಅಪರಾಧಿಯನ್ನು ನೋಡಿಕೊಳ್ಳುವ ನನ್ನಡತ್ತೈ ಅಲುವಲರ್ ತಮಿಳುನಾಡಿನ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯವರು. ಕಾಸರಗೋಡಿನಲ್ಲಿ ಅದೇ ಕೆಲಸ ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ಜಿಲ್ಲಾ ಅಧಿಕಾರಿಯದು. ಆ ಇಲಾಖೆ ‘ನೇರ್‌ವಳಿ’ ಎಂಬ ಯೋಜನೆಯನ್ನು ನಡೆಸುತ್ತಿದೆ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಹುಟ್ಟಿದ ನವೆಂಬರ್ 15ನ್ನು ಕೇರಳ ಪರಿವೀಕ್ಷಣಾ ದಿನವಾಗಿ ಆಚರಿಸುತ್ತದೆ. ಮಹಾರಾಷ್ಟ್ರದಲ್ಲಿ ಈ ಕೆಲಸ ಮಹಿಳಾ ಮತ್ತು ಬಾಲವಿಕಾಸ ಇಲಾಖೆಗೆ ಸೇರಿದೆ. ಕೇಂದ್ರದ ಕಾಯಿದೆ ಒಂದೇ. ಅದನ್ನು ಒಂದು ರಾಜ್ಯ ಸೆರೆಮನೆಯ ಬಾಗಿಲಲ್ಲಿ, ಇನ್ನೊಂದು ಸಮಾಜಕಲ್ಯಾಣದ ಅಂಗಳದಲ್ಲಿ, ಮತ್ತೊಂದು ಮಕ್ಕಳ ಮನೆಯ ಪಕ್ಕದಲ್ಲಿ ಇಟ್ಟಿದೆ. ನ್ಯಾಯಾಲಯದ ಆವರಣದಲ್ಲಿ ಇಟ್ಟದ್ದು ಈ ಮೂರರಲ್ಲಿ ಒಂದೂ ಇಲ್ಲ.

ಒಂದು ಕಲ್ಪಿತ ಪ್ರಕರಣ

ವಿಚಾರ ಸ್ಪಷ್ಟವಾಗಲೆಂದು ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳಿ. ಧಾರಾಪುರಂ ಬಳಿಯ ನೂಲಿನ ಗಿರಣಿಯಲ್ಲಿ ದುಡಿಯುವ ಇಪ್ಪತ್ತು ವರ್ಷದ ಹುಡುಗ. ಗಿರಣಿಯ ತಾಮ್ರದ ತಂತಿ ಕದ್ದು ಮಾರಿದ. ಬೆಲೆ ಹನ್ನೆರಡು ಸಾವಿರ ರೂಪಾಯಿ. ತಪ್ಪು ಒಪ್ಪಿಕೊಂಡ. ಹಿಂದೆ ಶಿಕ್ಷೆಯಾಗಿಲ್ಲ. ವಯಸ್ಸು ಇಪ್ಪತ್ತೊಂದರೊಳಗೆ ಇರುವುದರಿಂದ ನ್ಯಾಯಾಧೀಶರು ಪರಿವೀಕ್ಷಣಾಧಿಕಾರಿಯ ವರದಿ ಕೇಳುತ್ತಾರೆ.

ಅಧಿಕಾರಿ ಮನೆಗೆ ಬರುತ್ತಾರೆ. 14ನೆಯ ಕಲಮಿನಂತೆ ಅವರು ಹುಡುಗನ ಪರಿಸ್ಥಿತಿಯನ್ನೂ ಮನೆಯ ವಾತಾವರಣವನ್ನೂ ವಿಚಾರಿಸಬೇಕು. ಮುಂದೆ ಮೇಲ್ವಿಚಾರಣೆ ಮಾಡಬೇಕು. ಬೇಕಾದರೆ ತಕ್ಕ ಉದ್ಯೋಗ ಹುಡುಕಿಕೊಡಲು ಯತ್ನಿಸಬೇಕು. ನ್ಯಾಯಾಲಯ ವಿಧಿಸಿದ ಪರಿಹಾರಧನವನ್ನು ತೀರಿಸಲು ಸಲಹೆ, ಸಹಾಯ ಕೊಡಬೇಕು. ಮೊಗಸಾಲೆಯಲ್ಲಿ ಕುಳಿತ ತಾಯಿ ಅಧಿಕಾರಿಯ ತಮಿಳಿಗೆ ತನಗೆ ಬಂದ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ನಡುವೆ ಮಗನ ಕಡೆ ತಿರುಗಿ ಕನ್ನಡದಲ್ಲಿ ಒಂದು ಮಾತು ಆಡುತ್ತಾಳೆ: “ನಿಮ್ಮಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ.” ಅಧಿಕಾರಿಗೆ ಕನ್ನಡ ತಿಳಿಯದಿದ್ದರೆ ಆ ಮಾತು ಜಗಳವೆಂದು ಕೇಳಬಹುದು, ವರದಿಯಲ್ಲಿ ‘ಮನೆಯಲ್ಲಿ ಸೌಹಾರ್ದವಿಲ್ಲ’ ಎಂಬ ವಾಕ್ಯವಾಗಬಹುದು. ಕನ್ನಡ ಬಲ್ಲವನು ಅದೇ ಮಾತಿನಲ್ಲಿ ತಂದೆಯಿಲ್ಲದ ಮನೆಯನ್ನೂ, ಮಗನ ತಪ್ಪನ್ನು ಮುಚ್ಚದ ತಾಯಿಯನ್ನೂ, ಅವಳ ನಾಚಿಕೆಯನ್ನೂ ಕೇಳುತ್ತಾನೆ. ಹುಡುಗ ಮನೆಯಲ್ಲಿ ಮಲಗುವನೋ ಸೆರೆಯಲ್ಲಿ ಮಲಗುವನೋ ಎಂಬುದು ಇಂಥ ಒಂದು ವಾಕ್ಯದ ಮೇಲೆ ನಿಲ್ಲಬಹುದು.

ಇದಕ್ಕೆ ಕಾಯಿದೆಯಲ್ಲಿ ದಾರಿಯಿಲ್ಲವೆಂದಲ್ಲ. 13ನೆಯ ಕಲಮು ಮೂರು ಬಗೆಯ ಪರಿವೀಕ್ಷಣಾಧಿಕಾರಿಗಳನ್ನು ಹೇಳುತ್ತದೆ: ಸರಕಾರ ನೇಮಿಸಿದ ಅಥವಾ ಮಾನ್ಯಮಾಡಿದ ವ್ಯಕ್ತಿ, ಮಾನ್ಯತೆ ಪಡೆದ ಸಂಘ ಒದಗಿಸಿದ ವ್ಯಕ್ತಿ, ಅಸಾಧಾರಣ ಪ್ರಕರಣಗಳಲ್ಲಿ, ಆ ಪ್ರಕರಣದ ವಿಶೇಷ ಸಂದರ್ಭಕ್ಕೆ ತಕ್ಕವನೆಂದು ನ್ಯಾಯಾಲಯಕ್ಕೆ ತೋರಿದ ಬೇರೆ ಯಾವುದೇ ವ್ಯಕ್ತಿ. ಮನೆಯ ಭಾಷೆ ಬಲ್ಲ ನಿವೃತ್ತ ಶಿಕ್ಷಕರೊಬ್ಬರನ್ನು ಈ ಮೂರನೆಯ ದಾರಿಯಿಂದ ನೇಮಿಸುವುದಕ್ಕೆ ಕಾಯಿದೆಯ ಅಡ್ಡಿಯಿಲ್ಲ ಎಂದು ನನ್ನ ಓದು. ಗಮನಿಸಬೇಕಾದದ್ದು, ಈ ದಾರಿಯನ್ನು ತೆರೆಯುವ ಬೀಗದಕೈ ಇಲಾಖೆಯ ಬಳಿ ಇಲ್ಲ, ನ್ಯಾಯಾಲಯದ ಬಳಿ ಇದೆ.

ಯಾರ ಕೈಯಲ್ಲಿ?

ಈಗ ಮೂಲ ಪ್ರಶ್ನೆಗೆ ಬರೋಣ. ಪ್ರತಿಯೊಂದು ಪಕ್ಷಕ್ಕೂ ಅದರ ನ್ಯಾಯವನ್ನು ಸಲ್ಲಿಸಿಯೇ ಮುಂದೆ ಹೋಗಬೇಕು.

ಕಾರಾಗೃಹ ಇಲಾಖೆಯ ಪರವಾಗಿ ಹೇಳಬಹುದಾದದ್ದು ಸಣ್ಣದಲ್ಲ. ಅಪರಾಧ ಮಾಡಿದವರೊಂದಿಗೆ ವ್ಯವಹರಿಸಿದ ಅನುಭವ ಅಲ್ಲಿದೆ, ಪ್ರತ್ಯೇಕ ಶಾಖೆಯಿದೆ, ಮೇಲಿನಿಂದ ಕೆಳಗಿನವರೆಗೆ ಹುದ್ದೆಗಳ ಸಾಲಿದೆ. ಹತ್ತಾರು ಪಿಂಚಣಿ, ಸಹಾಯಧನ ಯೋಜನೆಗಳ ನಡುವೆ ಕಳೆದುಹೋಗುವ ಅಪಾಯ ಅಲ್ಲಿ ಕಡಿಮೆ. ಆದರೆ ತಮಿಳುನಾಡಿನ ಇದೇ ಅಧಿಕಾರಿ ಕೈದಿಗಳ ರಜೆಗೂ ಅವಧಿಪೂರ್ವ ಬಿಡುಗಡೆಗೂ ವಿಚಾರಣಾ ವರದಿ ಬರೆಯುತ್ತಾರೆ. ಪಾಠದ ಮೊದಲಿಗೆ ನಾವು ಬಿಡಿಸಿಟ್ಟ ಎರಡು ‘ಸನ್ನಡತೆ’ಗಳು ಇಲ್ಲಿ ಮತ್ತೆ ಒಬ್ಬನೇ ಮನುಷ್ಯನ ಕೈಯಲ್ಲಿ ಒಂದಾಗುತ್ತವೆ. ಬೆಳಗ್ಗೆ, ಹೊರಗೆ ಬಿಟ್ಟರೆ ಅಪಾಯವೇ ಎಂದು ಕೈದಿಯ ವಿಷಯದಲ್ಲಿ ಕೇಳುವ ಕಣ್ಣು, ಸಂಜೆ ಸೆರೆಮನೆಯನ್ನೇ ಕಾಣದ ಹುಡುಗನ ಮನೆಗೆ ಬಂದು ಇಲ್ಲಿ ಯಾವ ಆಸರೆಯಿದೆ ಎಂದು ಕೇಳಬೇಕು. ಪ್ರಶ್ನೆ ಬದಲಾಗಬೇಕು, ಅಭ್ಯಾಸ ಅಷ್ಟು ಬೇಗ ಬದಲಾಗದು. ಅದಕ್ಕೂ ಮಿಗಿಲಾಗಿ, ನೆರೆಹೊರೆಯವರ ಕಣ್ಣಿಗೆ ಬಂದವರು ‘ಜೈಲು ಇಲಾಖೆಯವರು’. ಕಾಯಿದೆಯ 12ನೆಯ ಕಲಮು ಶಿಕ್ಷೆಯ ಕಳಂಕದಿಂದ ಬರುವ ಅನರ್ಹತೆಯನ್ನು ತೆಗೆದುಹಾಕಿದರೂ, ಬೀದಿಯವರ ಬಾಯಿಂದ ತೆಗೆದುಹಾಕಲಾರದು.

ಜಿಲ್ಲಾಧಿಕಾರಿಯ ಪರವಾಗಿಯೂ ಒಂದು ಮಾತಿದೆ. ಉದ್ಯೋಗ, ಸಾಲ, ವಸತಿ, ಕೌಶಲ ತರಬೇತಿ ಇವೆಲ್ಲ ಅವರ ಕೈಕೆಳಗಿನ ಕಚೇರಿಗಳಲ್ಲಿವೆ. ಹುಡುಗನಿಗೆ ಕೆಲಸ ಹುಡುಕಿಕೊಡಲು ನ್ಯಾಯಾಧೀಶರಿಗಿಂತ ಅವರಿಗೆ ಅನುಕೂಲ ಹೆಚ್ಚು. ಆದರೆ ಶಾಂತಿಪಾಲನೆಯ ಹೊಣೆಯೂ ಅವರದೇ. ಅಧಿಕಾರಿಯ ವರದಿಯನ್ನು ಓದಿ ತೀರ್ಮಾನಿಸಬೇಕಾದವರು ಒಬ್ಬರು, ಅಧಿಕಾರಿಯನ್ನು ನಿಯಂತ್ರಿಸುವವರು ಇನ್ನೊಬ್ಬರು ಎಂದಾದಾಗ ವರದಿ ಯಾರನ್ನು ಮೆಚ್ಚಿಸಲು ಬರೆದದ್ದು ಎಂಬ ಸಂಶಯ ಉಳಿಯುತ್ತದೆ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ರಾಜ್ಯ ಕ್ರಮ ಕೈಗೊಳ್ಳಬೇಕೆಂದು ಸಂವಿಧಾನದ 50ನೆಯ ವಿಧಿ ಹೇಳುತ್ತದೆ. 13ನೆಯ ಕಲಮಿನ ಆ ಉಪಕಲಮು ಆ ಆಶಯಕ್ಕಿಂತ ಹಿಂದೆ ಉಳಿದಿದೆ.

ಸಾಮಾಜಿಕ ನ್ಯಾಯ ಇಲಾಖೆಯ ಪರವಾಗಿ ಹೇಳಬಹುದಾದದ್ದು ಮಾನವೀಯತೆ. ಮನೆಗೆ ಬಂದವರು ವೃದ್ಧರ, ಅಂಗವಿಕಲರ ನೆರವಿಗೂ ಬರುವ ಇಲಾಖೆಯವರು ಎಂದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಕೊರತೆ ಏನೆಂದರೆ, ಷರತ್ತು ಮುರಿದುಬಿದ್ದಾಗ ಬೇಕಾದ ಬಿಗಿ ನ್ಯಾಯಾಲಯದಿಂದಲೇ ಬರಬೇಕು. ಇಲಾಖೆಗೂ ನ್ಯಾಯಾಲಯಕ್ಕೂ ನಡುವೆ ದಿನನಿತ್ಯದ ಸೇತುವೆ ಇಲ್ಲದಿದ್ದರೆ ಆ ಬಿಗಿ ತಡವಾಗಿ ಬರುತ್ತದೆ.

ಉಳಿದದ್ದು ನ್ಯಾಯಾಂಗ. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಕಡತಗಳ ರಾಶಿಯಿದೆ. ಅವರನ್ನು ಸಿಬ್ಬಂದಿಯ ಹಾಜರಿ, ಪ್ರಯಾಣಭತ್ಯೆಗಳ ಲೆಕ್ಕಕ್ಕೆ ಹಚ್ಚುವುದು ಸರಿಯಲ್ಲ. ತನ್ನದೇ ನೌಕರನ ವರದಿಯನ್ನು ನ್ಯಾಯಾಲಯ ತಾನೇ ತೂಗಬೇಕಾಗಿ ಬರುವುದೂ ಇಕ್ಕಟ್ಟೇ. ಆದರೆ ಆ ಇಕ್ಕಟ್ಟಿಗೆ ಕಾಯಿದೆಯೇ ಮದ್ದು ಇಟ್ಟಿದೆ: ವರದಿಯ ಸಾರವನ್ನು ಅಪರಾಧಿಗೆ ತಿಳಿಸಿ, ಅದಕ್ಕೆ ಪ್ರತಿಯಾಗಿ ಸಾಕ್ಷ್ಯ ಕೊಡಲು ಅವಕಾಶ ನೀಡುವುದು.

ಪರಿವೀಕ್ಷಣೆ ನ್ಯಾಯಿಕ ಅಧಿಕಾರವೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ 1964ರ ಒಂದು ತೀರ್ಪನ್ನು ನೆನೆಯಬಹುದು. ಪಂಜಾಬಿನ ಹದಿನಾರು ವರ್ಷದ ಒಬ್ಬ ಬಾಲಕನಿಗೆ ಶಿಕ್ಷೆಯಾದ ಮೇಲೆ ಆ ಜಿಲ್ಲೆಗೆ ಈ ಕಾಯಿದೆ ಜಾರಿಗೆ ಬಂದಿತ್ತು. ಮೇಲ್ಮನವಿಯ ಹಂತದಲ್ಲಿಯೂ ನ್ಯಾಯಾಲಯ ಈ ಅಧಿಕಾರವನ್ನು ಬಳಸಬಹುದೆಂದು ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಬರೆದ ಬಹುಮತದ ತೀರ್ಪು ಹೇಳಿತು. ಕೆಳಗಿನಿಂದ ಮೇಲಿನವರೆಗೆ ಪ್ರತಿ ನ್ಯಾಯಾಲಯದ ಕೈಯಲ್ಲಿಯೂ ಜೀವಂತವಾಗಿರುವ ಅಧಿಕಾರವಿದು ಎಂದಾಯಿತು. ಅಂಥ ಅಧಿಕಾರದ ಕಣ್ಣು, ಕಿವಿಗಳು ಬೇರೆಯವರ ಬಳಿ ಇರುವುದು ಹೇಗೆ ಸರಿ?

ಹೊರಗಿನ ಎರಡು ಪಾಠಗಳು

ಅಮೆರಿಕದ ಬಾಸ್ಟನ್ ನಗರದಲ್ಲಿ 1841ರಲ್ಲಿ ಜಾನ್ ಆಗಸ್ಟಸ್ ಎಂಬ ಚಮ್ಮಾರನೊಬ್ಬ ನ್ಯಾಯಾಲಯದಲ್ಲಿ ಎದ್ದು ನಿಂತು, ಕುಡುಕನೊಬ್ಬನ ಹೊಣೆಯನ್ನು ತಾನು ಹೊರುವೆನೆಂದು ಜಾಮೀನಾದ. ಪರಿವೀಕ್ಷಣೆಯ ಇತಿಹಾಸವನ್ನು ಅಲ್ಲಿಂದ ಆರಂಭಿಸುವುದು ವಾಡಿಕೆ. ಅವನು ಯಾವ ಇಲಾಖೆಗೂ ಸೇರಿದವನಲ್ಲ. ಮಾತು ಕೊಟ್ಟದ್ದು ನ್ಯಾಯಾಧೀಶರಿಗೆ. ಮುಂದೆ ಅಮೆರಿಕದ ಒಕ್ಕೂಟ ವ್ಯವಸ್ಥೆಯಲ್ಲಿ 1925ರ ಕಾಯಿದೆಯಿಂದ ಪರಿವೀಕ್ಷಣೆ ಬಂತು. ಅದರ ಆಡಳಿತ ಕೆಲಕಾಲ ಕಾರಾಗೃಹ ವಿಭಾಗದ ಬಳಿಯಿದ್ದು, 1940ರಲ್ಲಿ ನ್ಯಾಯಾಲಯಗಳ ಆಡಳಿತ ಕಚೇರಿಗೆ ವರ್ಗವಾಯಿತು; ಇಂದಿಗೂ ಅಲ್ಲೇ ಇದೆ. ಅಲ್ಲಿನ ರಾಜ್ಯಗಳಲ್ಲಿ ಮಾತ್ರ ಕೆಲವೆಡೆ ನ್ಯಾಯಾಂಗ, ಕೆಲವೆಡೆ ಕಾರ್ಯಾಂಗ.

ಇಂಗ್ಲೆಂಡಿನಲ್ಲಿ 1907ರ ಕಾಯಿದೆಯಿಂದ ಆರಂಭವಾದ ಸೇವೆ ಸ್ಥಳೀಯ ನ್ಯಾಯಾಲಯಗಳ ನೆರಳಿನಲ್ಲಿ ಬೆಳೆದು, ಈಗ ಸೆರೆಮನೆಗಳೊಡನೆ ಒಂದೇ ಸಂಸ್ಥೆಯ ಕೆಳಗಿದೆ. 2014ರಲ್ಲಿ ಅದರ ದೊಡ್ಡ ಭಾಗವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟು, 2021ರ ಜೂನಿನಲ್ಲಿ ಮತ್ತೆ ಸರಕಾರವೇ ಹಿಂದಕ್ಕೆ ತೆಗೆದುಕೊಂಡಿತು. ಮೇಲ್ವಿಚಾರಣೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಹೋದರೆ, ಅದರ ಕೆಳಗಿರುವ ಮನುಷ್ಯನ ಪರಿಚಯವೇ ತಪ್ಪಿಹೋಗುವ ಅಪಾಯವಿದೆ.

ನನ್ನ ಅಭಿಪ್ರಾಯ

ಈ ಎಲ್ಲವನ್ನೂ ತೂಗಿ ನೋಡಿದಾಗ ನನಗೆ ತೋರುವುದು ಇಷ್ಟು: ವರದಿ ಬರೆಯುವವನು ವರದಿ ಓದಿ ತೀರ್ಪು ಕೊಡುವವರಿಗೆ ಉತ್ತರದಾಯಿಯಾಗಿರಬೇಕು. ಆದ್ದರಿಂದ ವಯಸ್ಕರ ಪರಿವೀಕ್ಷಣೆಯ ಮೇಲ್ವಿಚಾರಣೆ ನ್ಯಾಯಾಂಗಕ್ಕೆ ಸೇರತಕ್ಕದ್ದು. ಸಂಬಳ, ಕಚೇರಿ, ತರಬೇತಿಗಳನ್ನು ಕಾರ್ಯಾಂಗ ಒದಗಿಸಲಿ. ಅದು ಕಾರಾಗೃಹ ಇಲಾಖೆಯ ಮೂಲಕ ಆಗದಿರಲಿ.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಪ್ರತಿ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಹಣ ಬರುವುದು ಸರಕಾರದಿಂದ. ನೆರವಿಗೆ ಅಧಿಕಾರಿಗಳೂ ಸ್ವಯಂಸೇವಕರೂ ಇರುತ್ತಾರೆ. ನ್ಯಾಯಾಧೀಶರು ಹಾಜರಿ ಪುಸ್ತಕ ನೋಡುತ್ತ ಕೂರಬೇಕಾಗಿಲ್ಲ, ದಿಕ್ಕು ಮಾತ್ರ ಅವರದು. ಪರಿವೀಕ್ಷಣೆಗೂ ಅಂಥದೊಂದು ಜಿಲ್ಲಾ ಮಂಡಳಿ ಇದ್ದು, 13ನೆಯ ಕಲಮಿನಲ್ಲಿ ‘ಜಿಲ್ಲಾ ಮ್ಯಾಜಿಸ್ಟ್ರೇಟ್’ ಎಂಬ ಪದದ ಜಾಗದಲ್ಲಿ ‘ಜಿಲ್ಲಾ ನ್ಯಾಯಾಧೀಶ’ ಎಂಬ ಪದ ಬಂದರೆ, ಧಾರಾಪುರಂನ ಆ ಮನೆಗೆ ಬರುವ ಅಧಿಕಾರಿ ನ್ಯಾಯಾಲಯದ ಮಾತನ್ನು ಹೊತ್ತು ಬರುತ್ತಾನೆ. ಆ ಮನೆಯ ಮಾತನ್ನು ನ್ಯಾಯಾಲಯಕ್ಕೆ ಹೊತ್ತು ಹೋಗುತ್ತಾನೆ. ಗಡಿಜಿಲ್ಲೆಗಳ ಮಂಡಳಿಗಳಲ್ಲಿ ಮನೆಮಾತು ಬಲ್ಲವರ ಒಂದು ಪಟ್ಟಿಯೂ ಇರಲಿ.

ಬರೆಯುವವರಾದ ನಾವು ಕಾಯಿದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನ್ಯಾಯಾಲಯ ಮುಚ್ಚಳಿಕೆಯ ಮೇಲೆ ಬಿಟ್ಟದ್ದನ್ನು ‘ಪರಿವೀಕ್ಷಣಾ ಬಿಡುಗಡೆ’ ಎಂದೂ, ಸರಕಾರ ಕೈದಿಯನ್ನು ಬೇಗ ಬಿಟ್ಟದ್ದನ್ನು ‘ಅವಧಿಪೂರ್ವ ಬಿಡುಗಡೆ’ ಎಂದೂ ಬೇರೆಬೇರೆಯಾಗಿ ಬರೆಯೋಣ. ಸೆರೆಮನೆಯನ್ನೇ ಕಾಣದ ಒಬ್ಬನನ್ನು ಸೆರೆಯಿಂದ ಬಂದವನೆಂದು ಊರು ತಿಳಿಯದಿರಲು ಅಷ್ಟು ಎಚ್ಚರವಾದರೂ ಬೇಕು.

ಅಭ್ಯಾಸ

1. ಸನ್ನಡತೆ, ಪರೀಕ್ಷೆ, ಪರಿವೀಕ್ಷಣೆ: ಈ ಮೂರು ಪದಗಳನ್ನು ಬಿಡಿಸಿ ಬರೆದು, ಆಗಿರುವ ಸಂಧಿಗಳನ್ನು ಹೆಸರಿಸಿರಿ. ‘ಸನ್ನಡತೆ’ಯಂಥ ಇನ್ನೂ ಐದು ಅರಿಸಮಾಸಗಳನ್ನು ಆಡಳಿತದ ಬರಹಗಳಿಂದ ಆಯ್ದುಕೊಳ್ಳಿರಿ.

2. ನಿಮ್ಮ ಜಿಲ್ಲೆಯ ಪರಿವೀಕ್ಷಣಾಧಿಕಾರಿಯ ಕಚೇರಿ ಯಾವ ಇಲಾಖೆಯ ಅಡಿಯಲ್ಲಿದೆ ಎಂಬುದನ್ನು ವಿಚಾರಿಸಿ, ಫಲಕದ ಮೇಲಿನ ಕನ್ನಡ ಹೆಸರನ್ನು ಇದ್ದಂತೆಯೇ ಬರೆದು ತನ್ನಿರಿ.

3. ಪಾಠದಲ್ಲಿ ಬಂದ ಕಲ್ಪಿತ ಹುಡುಗನ ಮನೆಗೆ ನೀವೇ ಹೋಗಿದ್ದೀರೆಂದು ಭಾವಿಸಿ, ನ್ಯಾಯಾಲಯಕ್ಕೆ ಇನ್ನೂರು ಪದಗಳ ವರದಿ ಬರೆಯಿರಿ. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಪ್ಯಾರಾಗಳಲ್ಲಿಡಿರಿ. ತಾಯಿಯ ಮಾತನ್ನು ಅವಳು ಆಡಿದಂತೆಯೇ ಕೊಟ್ಟು, ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ವಿವರಿಸಿರಿ.

4. ನನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಪಕ್ಷವನ್ನು ಹಿಡಿದು ಒಂದು ಪುಟ ಬರೆಯಿರಿ. ಚೆನ್ನಾಗಿ ವಾದಿಸಿದ ಬರಹ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ.